ನಿಮಿಷಕ್ಕೆ ನಾಲ್ಕು ಫೈಲು

ಆ ಎಕ್ಸ್‌ರೇ ಸೆಂಟರಿನಲ್ಲಿ ಅವಳ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರಿಗೂ ಅವಳು ತಾರೀಖಕ್ಕ. ಹತ್ತೊಂಬತ್ತು ವರ್ಷಗಳಿಂದ ದಾಖಲೆ ಕೋಣೆಯ ಕಿಂಡಿಯ ಹಿಂದೆ ಕೂತು, ಹಳೆಯ ಚಿತ್ರ ಕೇಳಿಕೊಂಡು ಬಂದವರಿಗೆಲ್ಲ ಅವಳು ಹಾಕುತ್ತಿದ್ದ ಮೊದಲ ಪ್ರಶ್ನೆ ಒಂದೇ: "ತಾರೀಖು ಹೇಳಿ." ಹೇಳಿದವರಿಗೆ ಎರಡು ನಿಮಿಷದಲ್ಲಿ ಚಿತ್ರ. ಹೇಳದವರಿಗೆ ಕಿಂಡಿಯ ಬಾಗಿಲು. ಬಿದ್ದು ಸೊಂಟ ಮುರಿದುಕೊಂಡ ಮುದುಕಿಯೊಬ್ಬಳು "ಅದೇ ಕಣಮ್ಮ, ನಮ್ಮ ಎಮ್ಮೆ ಸತ್ತಿತ್ತಲ್ಲ, ಆ ವಾರ" ಎಂದು ಅತ್ತರೂ ಅವಳು ಕದಲಿದವಳಲ್ಲ. ನಿಮ್ಮ ಎಮ್ಮೆ ನಮ್ಮ ರಿಜಿಸ್ಟರಿನಲ್ಲಿ ಇಲ್ಲ ಎಂದು ಕಳಿಸಿದ್ದಳು. ಅದನ್ನು ಆಮೇಲೆ ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿ ನಗಿಸಿಯೂ ಇದ್ದಳು. ಒಳ್ಳೆಯವಳೇ, ಆದರೆ ತನ್ನ ಅಚ್ಚುಕಟ್ಟಿನ ಮೇಲೆ ಅವಳಿಗಿದ್ದ ಜಂಬ ಸಣ್ಣದಲ್ಲ. ಅಚ್ಚುಕಟ್ಟಿನ ಜನಕ್ಕೆ ಇತರರ ಗೋಳು ಬರಿಯ ಕಸವಾಗಿ ಕಾಣುವುದುಂಟು.

ಅವಳ ಕೆಲಸದ ಕ್ರಮ ಹೀಗಿತ್ತು. ವಾರವಿಡೀ ಯಂತ್ರ ತೆಗೆದ ಚಿತ್ರಗಳು ಬರಿಯ ನಂಬರು ಹೊತ್ತುಕೊಂಡು ಕಂಪ್ಯೂಟರಿಗೆ ಬಂದು ಬೀಳುತ್ತಿದ್ದವು. ಯಾರ ಎದೆ, ಯಾರ ಮೊಣಕಾಲು ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಶನಿವಾರ ಮಧ್ಯಾಹ್ನ, ಮಿಕ್ಕವರೆಲ್ಲ ಚೀಲ ಹೆಗಲಿಗೇರಿಸಿ ಹೊರಟ ಮೇಲೆ, ತಾರೀಖಕ್ಕ ರಿಜಿಸ್ಟರು ತೆರೆದಿಟ್ಟುಕೊಂಡು ಆ ವಾರದ ಒಂದೊಂದೇ ಚಿತ್ರ ತೆಗೆದು, ಅದರ ಮೂಲೆಯಲ್ಲಿ ಹೆಸರು, ವಯಸ್ಸು ಬರೆದು, ಮತ್ತೆ ಉಳಿಸಿಡುತ್ತಿದ್ದಳು. ಯಾರೂ ಮಾಡು ಎಂದದ್ದಲ್ಲ. ಹೆಸರಿಲ್ಲದ ಎಲುಬು ನೋಡಿದರೆ ಅವಳಿಗೆ ಸಂಕಟ. ಅವಳ ಬೆರಳು ಎಷ್ಟು ಚುರುಕೆಂದರೆ, ನಿಮಿಷಕ್ಕೆ ನಾಲ್ಕು ಫೈಲು ಮುಗಿಯುತ್ತಿತ್ತು. ಎಕ್ಸ್‌ರೇ ತೆಗೆಯುವವನು ಒಂದು ಸಲ ಗಡಿಯಾರ ಹಿಡಿದು ಪರೀಕ್ಷೆ ಮಾಡಿ ಸೋತಿದ್ದ. ದಿನವಿಡೀ "ಉಸಿರು ಬಿಗಿಹಿಡೀರಿ, ಬಿಡಿ" ಎಂದು ಕೂಗುವುದರಿಂದ ಅವನಿಗೆ ಉಸಿರಣ್ಣ ಎಂದು ಹೆಸರು ಬಿದ್ದಿತ್ತು.

ಹೊಸ ಸ್ಕ್ಯಾನ್ ಯಂತ್ರ ಬರುವ ವರ್ಷ ಜಾಗದ ಸಮಸ್ಯೆ ಎದ್ದಿತು. ಜಾಗವೆಂದರೆ ಕೋಣೆಯದಲ್ಲ, ಕಂಪ್ಯೂಟರಿನ ಡಿಸ್ಕಿನದು. ಸೆಂಟರಿನ ಮಾಲೀಕರಾದ ದೊಡ್ಡ ಡಾಕ್ಟರು ಎಲ್ಲರನ್ನೂ ಕರೆದು ಕೂರಿಸಿದರು. ಹಳೆಯ ಚಿತ್ರಗಳನ್ನೆಲ್ಲ ಒತ್ತಿ ಚಿಕ್ಕದು ಮಾಡಿ ತಿಂಗಳಿಗೊಂದು ಗಂಟು ಕಟ್ಟಬೇಕು. ಜೊತೆಗೆ ಯಂತ್ರದ ನಂಬರು ಪ್ರತಿ ವರ್ಷ ಒಂದರಿಂದ ಶುರುವಾಗಿ ಗೋಜಲಾಗುತ್ತಿದ್ದರಿಂದ, ಪ್ರತಿ ಫೈಲಿಗೂ ತಾರೀಖು ಮತ್ತು ಗಂಟೆ-ನಿಮಿಷವನ್ನೇ ಹೆಸರಾಗಿ ಇಡಬೇಕು. ಹೊರಗಿನವರಿಗೆ ಕೊಟ್ಟರೆ ಬಾಯಿಗೆ ಬಂದಷ್ಟು ಕೇಳುತ್ತಾರೆ, ನಿಮ್ಮಲ್ಲಿ ಯಾರಿಗಾದರೂ ಬರುತ್ತದೆಯೇ ಎಂದರು.

"ನಾನು ಮಾಡ್ತೀನಿ ಸಾರ್," ಅಂದಳು ತಾರೀಖಕ್ಕ.

"ಕೈಯಲ್ಲೇ ಮಾಡ್ತೀರಾ ಅಕ್ಕ? ಒಂದೂವರೆ ಲಕ್ಷ ಫೈಲು. ನಿಮ್ಮ ಮೊಮ್ಮಕ್ಕಳಿಗೂ ಒಂದಷ್ಟು ಉಳಿಸಿಡಿ," ಅಂದ ಉಸಿರಣ್ಣ. ಎಲ್ಲರೂ ನಕ್ಕರು. ಅವಳಿಗೆ ಮದುವೆಯೇ ಆಗಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ನಗು ಜೋರಾದದ್ದೇ ಅದಕ್ಕೆ.

ಆ ನಗು ಅವಳ ಎದೆಗೆ ನಾಟಿತು. ಅಂದೇ ಹಟ ಹಿಡಿದು ಕೂತಳು. ಊಟದ ಬಿಡುವಿನಲ್ಲಿ, ಭಾನುವಾರದ ಮಧ್ಯಾಹ್ನಗಳಲ್ಲಿ, ಐವತ್ತಮೂರರ ಕಣ್ಣಿಗೆ ಕನ್ನಡಕ ಏರಿಸಿಕೊಂಡು ಬ್ಯಾಚ್ ಸ್ಕ್ರಿಪ್ಟು ಬರೆಯುವುದನ್ನು ಕಲಿತಳು. ಸ್ಕ್ರಿಪ್ಟೆಂದರೆ ಮತ್ತೇನಲ್ಲ, ಕಂಪ್ಯೂಟರಿಗೆ ಬರೆದುಕೊಟ್ಟ ಕೆಲಸದ ಚೀಟಿ. ಈ ಫೋಲ್ಡರಿಗೆ ಹೋಗು, ಒಂದೊಂದೇ ಫೈಲು ಎತ್ತು, ಅದನ್ನು ಉಳಿಸಿದ ತಾರೀಖು, ಹೊತ್ತು ನೋಡು, ಅದನ್ನೇ ಹೆಸರಿಡು, ತಿಂಗಳ ಗಂಟಿಗೆ ಸೇರಿಸಿ ಒತ್ತು, ಮೂಲವನ್ನು ಅಳಿಸು. ಹನ್ನೊಂದು ಸಾಲು. ಯಾವುದಾದರೂ ಫೈಲಿನ ಬಗ್ಗೆ ಕಂಪ್ಯೂಟರು ನಡುವೆ ನಿಂತು "ಹೌದೋ ಅಲ್ಲವೋ" ಎಂದು ಕೇಳಿಬಿಟ್ಟರೆ ಒಂದೂವರೆ ಲಕ್ಷ ಸಲ ಉತ್ತರಿಸುವವರು ಯಾರು? ಏನೇ ಅನುಮಾನ ಬಂದರೂ ಹೌದು ಎಂದೇ ತಿಳಿ, ನನ್ನನ್ನು ಕೇಳಬೇಡ ಎಂಬ ಗುರುತನ್ನೂ ಸಾಲಿನ ಕೊನೆಗೆ ಸೇರಿಸಿದಳು. ತನ್ನ ಕಿಂಡಿಯಲ್ಲಿ ಯಾರ ಅಡ್ಡಪ್ರಶ್ನೆಯನ್ನೂ ಸಹಿಸದವಳು ಕಂಪ್ಯೂಟರಿನದನ್ನು ಸಹಿಸುತ್ತಾಳೆಯೇ.

ಬುಧವಾರ ಪರೀಕ್ಷೆ ಮಾಡಿದಳು. ಆ ವಾರದ ಸೋಮವಾರದಿಂದ ಬುಧವಾರದವರೆಗಿನ ಚಿತ್ರಗಳ ನಕಲು ತೆಗೆದು ಚೀಟಿ ಓಡಿಸಿದಳು. ಒಂದೂ ತಪ್ಪಿಲ್ಲ, ಪ್ರತಿಯೊಂದಕ್ಕೂ ಅದರದೇ ತಾರೀಖು, ಅದರದೇ ಹೊತ್ತು. ಒಂದು ಎದೆಯಿಂದ ಇನ್ನೊಂದು ಎದೆಗೆ ಉಸಿರಣ್ಣನಿಗೆ ಹೇಗೂ ಎರಡು ಮೂರು ನಿಮಿಷ ಬೇಕೇಬೇಕು, ಹಾಗಾಗಿ ಒಂದೇ ಹೆಸರು ಎರಡಕ್ಕೆ ಬೀಳುವ ಪ್ರಶ್ನೆಯೇ ಇರಲಿಲ್ಲ. ಮಾರನೆಯ ಬೆಳಿಗ್ಗೆ ಹಳೆಯದೆಲ್ಲದರ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಟ್ಟು, ಹತ್ತೊಂಬತ್ತು ವರ್ಷಗಳ ಮೇಲೆ ಚೀಟಿಯನ್ನು ಬಿಟ್ಟಳು.

ಸಂಜೆಯ ಹೊತ್ತಿಗೆ ಮುಗಿಯಿತು. ಆ ಹೊತ್ತಿಗಿದ್ದವರೆಲ್ಲ ಬಂದು ಪರದೆಗೆ ಮುಗಿಬಿದ್ದರು. ಡಿಸ್ಕು ಮುಕ್ಕಾಲು ಪಾಲು ಖಾಲಿ.

"ಅಬ್ಬಾ, ಇಷ್ಟು ಚಿಕ್ಕದಾಯ್ತಾ," ಅಂದರು ದೊಡ್ಡ ಡಾಕ್ಟರು. "ಹೊರಗಿನವನು ಕಾಲು ಭಾಗ ಉಳಿಸಿಕೊಡ್ತೀನಿ ಅಂದಿದ್ದ ಕಣ್ರೀ."

ಅವಳು ಹತ್ತು ಗಂಟು ಬಿಚ್ಚಿ ಹತ್ತು ಚಿತ್ರ ತೋರಿಸಿದಳು. ಹತ್ತೂ ಕನ್ನಡಿಯಷ್ಟು ಸ್ಪಷ್ಟ. ಉಸಿರಣ್ಣ ಎಲ್ಲರಿಗೂ ಟೀ ತರಿಸಿದ. ತಾರೀಖಕ್ಕ ಉಬ್ಬಿಹೋದಳು. ಮುಂಚೆ ಎಷ್ಟಿದ್ದವು, ಈಗ ಎಷ್ಟಿವೆ ಎಂದು ಎಣಿಸುವ ಬುದ್ಧಿ ಅಲ್ಲಿದ್ದ ಏಳು ತಲೆಗಳಲ್ಲಿ ಒಂದಕ್ಕೂ ಬರಲಿಲ್ಲ. ಕಳೆದುಹೋದದ್ದನ್ನೇ ಉಳಿತಾಯವೆಂದು ತಿಳಿದು ಬಿಸ್ಕತ್ತು ಅದ್ದಿಕೊಂಡು ತಿಂದರು. ಬೇರೆ ಡಿಸ್ಕಿನಲ್ಲಿದ್ದ ಪ್ರತಿಯನ್ನು ಇನ್ನೊಂದು ತಿಂಗಳಾದರೂ ಇಟ್ಟಿರೋಣ ಎಂದು ಅವಳು ಕೇಳಿಕೊಂಡದ್ದು ನಿಜ. ದೊಡ್ಡ ಡಾಕ್ಟರು ಒಂದು ವಾರ ಕೊಟ್ಟು, ಆ ವಾರ ಹಳೆಯ ಚಿತ್ರ ಕೇಳಿಕೊಂಡು ಯಾರೂ ಬಾರದ್ದರಿಂದ, ಎಂಟನೆಯ ದಿನ ಆ ಡಿಸ್ಕನ್ನು ಒರೆಸಿ ಹೊಸ ಯಂತ್ರಕ್ಕೆ ಹಾಕಿಸಿದರು.

ಅವಳಿಗೊಬ್ಬ ತಮ್ಮನಿದ್ದ. ಅಪ್ಪ ಅಮ್ಮ ಬೇಗ ಹೋದದ್ದರಿಂದ ಅವಳೇ ಸಾಕಿ, ಓದಿಸಿ, ಓದು ಹತ್ತದಿದ್ದಾಗ ಕಲ್ಲುಪುಡಿ ಕಾರ್ಖಾನೆಗೆ ಸೇರಿಸಿದಳು. ಗಾಜು ಮಾಡಲು ಬೇಕಾದ ಬಿಳಿಕಲ್ಲನ್ನು ಹಿಟ್ಟಿನಂತೆ ಅರೆಯುವ ಕಾರ್ಖಾನೆ ಅದು. ಕೆಲಸಕ್ಕೆ ಸೇರುವವರ ಎದೆಯ ಎಕ್ಸ್‌ರೇ ತೆಗೆಯುತ್ತಿದ್ದದ್ದು ಇದೇ ಸೆಂಟರು. ಹನ್ನೊಂದು ವರ್ಷದ ಹಿಂದೆ ಒಂದು ಮಂಗಳವಾರ ಅವನು ಸಾಲಿನಲ್ಲಿ ನಿಂತು, ಕಿಂಡಿಯಲ್ಲಿ ಅಕ್ಕನಿಗೆ ಹಲ್ಲು ಕಿರಿದು, ಒಳಗೆ ಹೋಗಿ ಉಸಿರು ಬಿಗಿಹಿಡಿದಿದ್ದ. ಆ ಶನಿವಾರ ಅವನ ಎದೆಯ ಮೂಲೆಗೆ ಅವನ ಹೆಸರು ಬರೆದವಳೂ ಅವಳೇ. ಎರಡೂ ಶ್ವಾಸಕೋಶ ಒಗೆದ ಬಟ್ಟೆಯಂತೆ ಶುಭ್ರವಾಗಿದ್ದವು. ಮುಂದಿನ ಚಿತ್ರಕ್ಕೆ ಹೋಗುವ ಮುನ್ನ ಅವಳು ಒಂದು ಗಳಿಗೆ ಅದನ್ನು ಸುಮ್ಮನೆ ನೋಡಿಕೊಂಡು ಕೂತಿದ್ದಳು.

ಈಗ ಆ ತಮ್ಮನಿಗೆ ಮೂವತ್ತೆಂಟು. ಆರು ಹೆಜ್ಜೆ ಇಟ್ಟರೆ ನಿಲ್ಲಬೇಕು. ಹೆಗಲ ಚೀಲದಲ್ಲಿ ಆಕ್ಸಿಜನ್ ಸಿಲಿಂಡರು, ಅದರಿಂದ ಮೂಗಿಗೊಂದು ಕೊಳವೆ. ಕಲ್ಲುಪುಡಿ ಒಳಗೆ ಕೂತು ಶ್ವಾಸಕೋಶವನ್ನು ಗಟ್ಟಿ ಮಾಡಿದೆ, ಬೇರೆ ಶ್ವಾಸಕೋಶ ಹಾಕುವುದೊಂದೇ ದಾರಿ, ಅದೂ ಬೇಗ ಆಗಬೇಕು ಎಂದಿದ್ದರು ದೊಡ್ಡಾಸ್ಪತ್ರೆಯವರು. ರೋಗ ಕಾರ್ಖಾನೆಯಿಂದಲೇ ಬಂದದ್ದು ಎಂದು ವೈದ್ಯಕೀಯ ಮಂಡಳಿ ಒಪ್ಪಿದರೆ ಆ ಚಿಕಿತ್ಸೆಯ ಹೊಣೆ ಪೂರ್ತಿ ಕಾರ್ಖಾನೆಯದು. ಒಪ್ಪದಿದ್ದರೆ ಅವನು ಮನೆಯ ಗೋಡೆಗೊರಗಿ ಕೂತು ಸಾಯಬೇಕು. ಕಾರ್ಖಾನೆಯವರು ಹೇಳಿದ್ದು ಇಷ್ಟೇ: ಇವನು ಸೇರುವಾಗಲೇ ರೋಗಿ, ಮುಚ್ಚಿಟ್ಟು ಸೇರಿದ್ದಾನೆ, ಸೇರುವಾಗಿನ ಎಕ್ಸ್‌ರೇ ಇದ್ದರೆ ತೋರಿಸಲಿ. ತಮ್ಮಲ್ಲಿದ್ದ ಫಿಲ್ಮು ಗೋದಾಮಿನಲ್ಲಿ ಹಾಳಾಯಿತೆಂದು ಕೈ ತೊಳೆದುಕೊಂಡಿದ್ದರು.

ತಮ್ಮನಿಗೆ ಎಳ್ಳಷ್ಟೂ ಚಿಂತೆಯಿರಲಿಲ್ಲ. "ಅವರ ಹತ್ರ ಇಲ್ದೇ ಹೋದ್ರೆ ಏನಂತೆ? ನಮ್ಮಕ್ಕನ ಹತ್ರ ಇದೆ," ಎಂದು ಹೆಂಡತಿಗೆ ಹೇಳಿದ್ದ. ಅಕ್ಕ ಬಂದಾಗ ಅವನೇ ನಗುತ್ತಾ ಶುರು ಮಾಡಿದ. "ತಾರೀಖು ಹೇಳಿ ಅಂತ ಕೇಳಲ್ವಾ ನನ್ನ?"

"ಕೇಳ್ಬೇಕಾ? ನನಗೇ ಗೊತ್ತು ಕಣೋ. ಮಂಗಳವಾರ, ಹನ್ನೊಂದು ಇಪ್ಪತ್ತು. ನಾಳೆ ತಂದುಕೊಡ್ತೀನಿ."

ಮಾರನೆಯ ದಿನ ಆ ತಿಂಗಳ ಗಂಟು ಬಿಚ್ಚಿದಳು. ಆ ಮಂಗಳವಾರ ಇರಲಿಲ್ಲ. ಬುಧವಾರವಿರಬಹುದೆಂದು ನೋಡಿದಳು, ಅದೂ ಇಲ್ಲ. ಇಡೀ ತಿಂಗಳಲ್ಲಿ ಇದ್ದದ್ದು ನಾಲ್ಕೇ ತಾರೀಖು. ಗೋಡೆಯ ಮೇಲಿದ್ದ ಕ್ಯಾಲೆಂಡರಿಗೆ ಹೋಗುವ ಅಗತ್ಯವೂ ಅವಳಿಗಿರಲಿಲ್ಲ, ನಾಲ್ಕೂ ಶನಿವಾರಗಳು. ಮುಂದಿನ ತಿಂಗಳು ಬಿಚ್ಚಿದಳು, ಐದು ಶನಿವಾರ. ಹತ್ತೊಂಬತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಮನುಷ್ಯ ಸೋಮವಾರ ಬಿದ್ದು ಕೈ ಮುರಿದುಕೊಂಡಿರಲಿಲ್ಲ.

ಚೀಟಿಯ ಹನ್ನೊಂದು ಸಾಲು ತೆರೆದು ಮತ್ತೆ ಓದಿದಳು. ಅವಳ ಚೀಟಿ ನೋಡಿದ್ದು ಫೈಲನ್ನು ಕೊನೆಯ ಸಲ ಉಳಿಸಿದ ಹೊತ್ತನ್ನು. ಕೊನೆಯ ಸಲ ಉಳಿಸಿದವಳು ಅವಳೇ, ಶನಿವಾರ ಮಧ್ಯಾಹ್ನ, ಹೆಸರು ಬರೆದು. ಒಂದು ನಿಮಿಷದಲ್ಲಿ ನಾಲ್ಕು. ನಾಲ್ಕಕ್ಕೂ ಅದೇ ತಾರೀಖು, ಅದೇ ಗಂಟೆ, ಅದೇ ನಿಮಿಷ, ಅಂದರೆ ಅದೇ ಹೆಸರು. ಎರಡನೆಯದು ಬಂದಾಗ ಮೊದಲನೆಯದರ ಮೇಲೆ ಕೂತಿತು, ಮೂರನೆಯದು ಎರಡನೆಯದರ ಮೇಲೆ, ನಾಲ್ಕನೆಯದು ಮೂರನೆಯದರ ಮೇಲೆ. ಪ್ರತಿ ಸಲ ಕಂಪ್ಯೂಟರು ಒಂದು ಮಾತು ಕೇಳುವುದರಲ್ಲಿತ್ತು. ಕೇಳಬೇಡ ಎಂದು ಅವಳೇ ಬರೆದಿದ್ದಳು. ಅಂದು ಬುಧವಾರದ ಪರೀಕ್ಷೆ ಸರಿಬಂದದ್ದು ಆ ವಾರದ ಶನಿವಾರ ಇನ್ನೂ ಬಂದಿರಲಿಲ್ಲವಾದ್ದರಿಂದ. ಸೋಮಾರಿಯಾಗಿದ್ದರೆ, ಬೆರಳು ಮೊಂಡಾಗಿದ್ದರೆ, ಹೆಸರು ಬರೆಯುವ ಗೋಜಿಗೇ ಹೋಗದಿದ್ದರೆ ಎಲ್ಲವೂ ಉಳಿಯುತ್ತಿತ್ತು.

ಆದರೂ ಆಸೆ ಬಿಡಲಿಲ್ಲ. ನಾಲ್ಕರಲ್ಲಿ ಒಂದು ಉಳಿದಿದೆಯಲ್ಲ, ಆ ಒಂದು ತಮ್ಮನದೇ ಏಕಾಗಿರಬಾರದು? ರಿಜಿಸ್ಟರು ತೆಗೆದು, ಆ ಶನಿವಾರದ ಒಂದೊಂದು ಚಿತ್ರವನ್ನೂ ಬಿಚ್ಚಿ ಹೆಸರು ಹುಡುಕುತ್ತಾ ಬಂದಳು. ಇನ್ನೂರ ಹನ್ನೆರಡು ಹೆಸರುಗಳಲ್ಲಿ ಐವತ್ತನಾಲ್ಕು ಉಳಿದಿದ್ದವು. ಮೂರು ಗಂಟೆ ಹದಿನೇಳು ನಿಮಿಷದ ಫೈಲು ಬಿಚ್ಚಿದಾಗ ಕಂಡದ್ದು ಶುಭ್ರವಾದ ಎರಡು ಶ್ವಾಸಕೋಶ. ಮೂಲೆಯ ಹೆಸರು ಓದಿದಳು. ಅಂದು ತಮ್ಮನ ಬೆನ್ನಿಗೆ ಸಾಲಿನಲ್ಲಿ ನಿಂತಿದ್ದವನು. ಕಾರ್ಖಾನೆ ಸೇರಿ, ಧೂಳು ನೋಡಿ, ಒಂದೇ ವಾರದಲ್ಲಿ ಬಿಟ್ಟುಹೋಗಿ, ಈಗ ಬಸ್ ನಿಲ್ದಾಣದ ಪಕ್ಕ ಚಪ್ಪಲಿ ಅಂಗಡಿ ಇಟ್ಟುಕೊಂಡು ಕಲ್ಲುಗುಂಡಿನ ಹಾಗಿದ್ದಾನೆ. ಅವನಿಗೆ ಆ ಚಿತ್ರ ಯಾವ ಜನ್ಮಕ್ಕೂ ಬೇಕಾಗಿರಲಿಲ್ಲ.

ದೊಡ್ಡ ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ಅವರು ಎದ್ದು ಬಾಗಿಲು ಹಾಕಿ ಬಂದು ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಿನ್ನ ಬಿಟ್ಟು ಇನ್ಯಾರಿಗೆ ಗೊತ್ತಮ್ಮ ಇದು?"

"ಯಾರಿಗೂ ಇಲ್ಲ ಸಾರ್."

"ಗೊತ್ತಾಗೋದೂ ಬೇಡ. ದಾಖಲೆ ಅಳಿಸಿಬಿಟ್ವಿ ಅಂತ ಬರೆದುಕೊಟ್ರೆ ನಾಳೆ ನಮ್ಮ ಲೈಸೆನ್ಸ್ ಹೋಗುತ್ತೆ. ಇಪ್ಪತ್ತು ಮನೆ ಒಲೆ ಆರುತ್ತೆ. 'ಹುಡುಕಿದೆವು, ಸಿಗಲಿಲ್ಲ' ಅಂತ ಬರಿ. ಸುಳ್ಳೇನಲ್ವಲ್ಲ?" ಸ್ವಲ್ಪ ಹೊತ್ತು ಪೆನ್ನು ತಿರುಗಿಸಿ, "ಕಾರ್ಖಾನೆಯವರು ನಮಗೆ ದೊಡ್ಡ ಗಿರಾಕಿ. ಅವರ ಮೇಲೆ ಸಾಕ್ಷಿ ಹೇಳಿದೋರು ನಾವೇ ಅಂತಾಗೋದಕ್ಕಿಂತ ಇದು ಒಂಥರಾ ಒಳ್ಳೇದೇ ಆಯ್ತು ಬಿಡು," ಅಂದರು. ಅವಳ ಮುಖ ನೋಡಿ, ತಮ್ಮನ ವಿಷಯ ತುಂಬಾ ಬೇಸರ ಎಂದೂ ಸೇರಿಸಿದರು. ಮುಂದಿನ ತಿಂಗಳಿಂದ ಅವಳು ದಾಖಲೆ ವಿಭಾಗದ ಮುಖ್ಯಸ್ಥೆ ಎಂದು ನೋಟಿಸ್ ಬೋರ್ಡಿನಲ್ಲಿ ಹಾಳೆ ಅಂಟಿತು. ಡಿಸ್ಕು ಉಳಿಸಿದ್ದಕ್ಕೆ ಎಂದು ಎಲ್ಲರೂ ತಿಳಿದರು. ಉಸಿರಣ್ಣ ಕೈ ಕುಲುಕಿದ.

ಪತ್ರ ಬರೆದಳು, ಸಹಿ ಹಾಕಿದಳು, ಮೊಹರು ಒತ್ತಿದಳು. ತಮ್ಮನ ಮುಂದೆ ಮಾತ್ರ ನಿಜ ಹೇಳಲು ನಾಲಿಗೆ ಹೊರಳಲಿಲ್ಲ.

"ಹಳೇ ಡಿಸ್ಕು ಕೆಟ್ಟೋಗಿದೆಯಂತೆ ಕಣೋ. ಆ ವರ್ಷದ್ದು ಯಾವುದೂ ಸಿಗ್ತಿಲ್ಲ."

ತಮ್ಮ ತುಸು ಹೊತ್ತು ಉಸಿರು ಕೂಡಿಸಿಕೊಂಡ. ಅವಳ ಕಣ್ಣು ತುಂಬಿದ್ದನ್ನು ನೋಡಿ, "ಅಳಬೇಡ ಅಕ್ಕ. ಯಂತ್ರ ಕೆಟ್ಟರೆ ನೀನೇನು ಮಾಡ್ತೀಯ," ಅಂದ. ಅವನ ಹೆಂಡತಿ ನೀರು ತಂದುಕೊಟ್ಟಳು. ಸಾಯುತ್ತಿದ್ದವನೇ ಅವಳನ್ನು ಸಮಾಧಾನ ಮಾಡಿದ, ಅವಳು ಸಮಾಧಾನ ಮಾಡಿಸಿಕೊಂಡಳು. ಇದಕ್ಕಿಂತ ಹೇಯವಾದದ್ದನ್ನು ಅವಳು ಬದುಕಿನಲ್ಲಿ ಮಾಡಿರಲಿಲ್ಲ.

ಮಂಡಳಿಯ ಮುಂದೆ ವಿಚಾರಣೆ ಬೆಳಿಗ್ಗೆ ಹನ್ನೊಂದಕ್ಕೆ. ಮೂರನೆಯ ಮಹಡಿ, ಲಿಫ್ಟು ಕೆಟ್ಟಿತ್ತು. ತಮ್ಮ ಮೆಟ್ಟಿಲು ಹತ್ತಲು ನಲವತ್ತು ನಿಮಿಷ ತೆಗೆದುಕೊಂಡ. ಸಿಲಿಂಡರಿನ ಚೀಲವನ್ನು ಅಕ್ಕ ತನ್ನ ಹೆಗಲಿಗೆ ಹಾಕಿಕೊಂಡು, ಕೊಳವೆ ಎಳೆಯದಂತೆ ಅವನಿಗೆ ಅಂಟಿಕೊಂಡೇ ಹತ್ತಿದಳು. ಹೆಂಡತಿ ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟಿದ್ದಳು. ಒಳಗೆ ಉದ್ದ ಮೇಜಿನ ಹಿಂದೆ ಮೂವರು ಡಾಕ್ಟರು. ನಡುವಿನವರು ಅಧ್ಯಕ್ಷರು, ನರೆತ ತಲೆಯ ಮೆತ್ತನೆ ಮನುಷ್ಯ. ಪಕ್ಕದ ಕುರ್ಚಿಯಲ್ಲಿ ಕಾರ್ಖಾನೆಯ ವಕೀಲ.

ವಕೀಲ ಸೆಂಟರಿನ ಪತ್ರ ಓದಿ ಮೇಜಿನ ಮೇಲಿಟ್ಟ. "ಸಾರ್, ಒಂದೇ ಮಾತು ಹೇಳ್ತೀನಿ. ಈ ಪತ್ರಕ್ಕೆ ಸಹಿ ಮಾಡಿರೋರು ಅರ್ಜಿದಾರರ ಸ್ವಂತ ಅಕ್ಕ. ಇಲ್ಲೇ ಕೂತಿದ್ದಾರೆ. ಆ ದಾಖಲೆ ಕೋಣೆಗೆ ಅವರೇ ಮುಖ್ಯಸ್ಥೆ. ತಮ್ಮನ ಜೀವ ಉಳಿಸೋ ಚಿತ್ರ ಇದ್ದಿದ್ರೆ ಹೆತ್ತ ತಾಯಿ ಹಾಗೆ ಸಾಕಿದ ಅಕ್ಕ ತರದೇ ಇರ್ತಿದ್ರಾ? ಇಲ್ಲ ಅಂದ್ರೆ ಇಲ್ಲ ಅಂತಲೇ ಅರ್ಥ. ಇದ್ದ ಚಿತ್ರದಲ್ಲಿ ಏನೋ ಕಂಡಿರಬೇಕು, ಅದಕ್ಕೇ ತಂದಿಲ್ಲ ಅಂತಲೂ ಆಗಬಹುದು. ಅದನ್ನ ನಾನು ಹೇಳಲ್ಲ."

ಹೇಳುವುದಿಲ್ಲ ಎನ್ನುತ್ತಲೇ ಹೇಳಿ ಮುಗಿಸಿದ್ದ. ಮೂರೂ ಡಾಕ್ಟರು ತಲೆದೂಗಿದರು. ಅವಳು ತಮ್ಮನಿಗಾಗಿ ಜೀವ ಬಿಡುವವಳೆಂಬುದೇ ಈಗ ತಮ್ಮನ ಮೇಲೆ ಸಾಕ್ಷಿಯಾಗಿ ನಿಂತಿತ್ತು.

ಅವಳು ಎದ್ದು ನಿಂತಳು. "ಸಾರ್, ಚಿತ್ರ ಇತ್ತು. ನಾನೇ ಅಳಿಸಿದೆ."

ಲೈಸೆನ್ಸು, ಇಪ್ಪತ್ತು ಒಲೆ, ಮುಖ್ಯಸ್ಥೆಯ ಕುರ್ಚಿ, ಎಲ್ಲವನ್ನೂ ಬದಿಗಿಟ್ಟು ಹೇಳಿದಳು. ಚೀಟಿಯ ಹನ್ನೊಂದು ಸಾಲು, ಶನಿವಾರಗಳು, ನಿಮಿಷಕ್ಕೆ ನಾಲ್ಕು ಫೈಲು, ಒಂದರ ಮೇಲೊಂದು ಕೂತದ್ದು. ಬೇಕಾದರೆ ಬಂದು ನೋಡಿ, ಹತ್ತೊಂಬತ್ತು ವರ್ಷದಲ್ಲಿ ಶನಿವಾರ ಬಿಟ್ಟು ಬೇರೆ ದಿನವೇ ಇಲ್ಲ ಎಂದಳು.

ಅಧ್ಯಕ್ಷರು ತಾಳ್ಮೆಯಿಂದ ಕೇಳಿದರು. "ನೋಡೀಮ್ಮ, ಹಾಗೇ ಆಗಿದ್ರೂ ನಿಮ್ಮ ಫೈಲುಗಳು ಕಲಸಿಹೋಗಿವೆ ಅಂತಾಯ್ತು, ಅಷ್ಟೇ. ನಿಮ್ಮ ತಮ್ಮನ ಎದೆ ಅವತ್ತು ಚೆನ್ನಾಗಿತ್ತು ಅನ್ನೋಕೆ ಏನಿದೆ?"

"ನಾನು ನೋಡಿದ್ದೀನಿ ಸಾರ್. ಹೆಸರು ಬರೆದೋಳು ನಾನೇ."

"ನೀವು ಡಾಕ್ಟರಾ?"



"ಪತ್ರದಲ್ಲಿ 'ಸಿಗಲಿಲ್ಲ' ಅಂತ ಬರೆದು ಮೊಹರು ಹಾಕಿದ್ದಾರೆ, ಇವತ್ತು 'ಇತ್ತು' ಅಂತಾರೆ," ಅಂದ ವಕೀಲ. "ಇನ್ನೊಂದು ಗಂಟೆ ಬಿಟ್ರೆ ಚಿತ್ರವನ್ನೇ ಬರೆದು ತರ್ತಾರೆ ಸಾರ್."

ಪಕ್ಕದ ಡಾಕ್ಟರು ನಗು ತಡೆದುಕೊಂಡರು. ಅಧ್ಯಕ್ಷರು ನಗಲಿಲ್ಲ. ತಮ್ಮನ ಮೇಲೆ ನಿಮಗಿರೋ ಅಕ್ಕರೆ ನನಗೆ ಅರ್ಥವಾಗುತ್ತದೆ, ನನಗೂ ಅಕ್ಕ ಇದ್ದಾಳೆ, ಆದರೆ ಮಂಡಳಿಯ ಮುಂದೆ ಕಟ್ಟುಕತೆ ಹೇಳುವುದು ಅಪರಾಧ, ಈ ಸಲ ಬರೆದುಕೊಳ್ಳುವುದಿಲ್ಲ, ಕೂತುಕೊಳ್ಳಿ ಎಂದರು. ಅಷ್ಟು ಮೃದುವಾಗಿ ಅವಳನ್ನು ಯಾರೂ ಎಂದೂ ಸುಳ್ಳಿ ಎಂದಿರಲಿಲ್ಲ. ಅರ್ಜಿ ವಜಾ ಆಗಿದೆ ಎಂದು ಗುಮಾಸ್ತ ಓದಿದ. ಮುಂದಿನವರನ್ನು ಕೂಗಿದ.

ಅವಳ ಮಾತನ್ನು ಆ ಕೋಣೆಯಲ್ಲಿ ಒಬ್ಬನು ಮಾತ್ರ ನಂಬಿದ್ದ. ನಂಬಬೇಕಾದ ಮೂವರು ನಂಬಲಿಲ್ಲ, ನಂಬಬಾರದಾಗಿದ್ದವನು ಅಕ್ಷರಕ್ಷರ ನಂಬಿದ. ಅಕ್ಕನ ಶನಿವಾರಗಳನ್ನೂ ಅವಳ ಬೆರಳುಗಳನ್ನೂ ಚಿಕ್ಕಂದಿನಿಂದ ಬಲ್ಲವನು ಅವನು.

ಹೊರಗಿನ ವರಾಂಡದಲ್ಲಿ ತಮ್ಮ ಗೋಡೆ ಹಿಡಿದು ನಿಂತು, ಮಾತಿಗೆ ಬೇಕಾದಷ್ಟು ಉಸಿರು ಕೂಡಿಸಿಕೊಂಡ.

"ಡಿಸ್ಕು ಕೆಟ್ಟಿತ್ತು ಅಂದಿದ್ದೆ ನೀನು."

"ಹೂಂ."

"ಮುಖ್ಯಸ್ಥೆ ಆದದ್ದು ಯಾವಾಗ ಅಕ್ಕ? ಚಿತ್ರ ಅಳಿಸಿದ್ದು ಗೊತ್ತಾಗೋಕೆ ಮುಂಚೆನಾ, ಆಮೇಲಾ?"

ಅವಳು ಬಾಯಿ ತೆರೆದಳು. ತಾರೀಖು ಅವಳಿಗೆ ಗೊತ್ತಿತ್ತು. ಅದನ್ನು ಹೇಳಿದರೆ ಮುಂದಿನ ಯಾವ ಮಾತೂ ಉಳಿಯುವುದಿಲ್ಲವೆಂಬುದೂ ಗೊತ್ತಿತ್ತು. ಅವನು ಉತ್ತರಕ್ಕೆ ಕಾಯಲಿಲ್ಲ. ಮೆಲ್ಲಗೆ ಅವಳ ಹೆಗಲಿನಿಂದ ಸಿಲಿಂಡರಿನ ಚೀಲ ಬಿಡಿಸಿಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. ಭಾರಕ್ಕೆ ಅವನ ಮೈ ಒಂದು ಕಡೆ ವಾಲಿತು. ಹೆಂಡತಿ ಬಂದು ತೋಳು ಹಿಡಿದಳು, ಅತ್ತಿಗೆಯ ಕಡೆ ತಿರುಗಿ ನೋಡಲಿಲ್ಲ.

"ನೀನು ಬಸ್ಸಿಗೆ ಹೋಗು ಅಕ್ಕ," ಅಂದ ತಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ನಮಗೆ ಇಳಿಯೋಕೆ ಹೊತ್ತಾಗುತ್ತೆ."